ರಿಪೇರಿ ಮಾಡಿಸಿದ ಹಳೇ 20 ಬೋರ್ ಜೋಡುನಳಿಗೆ: ಕೊಳ್ಳುವ ಮೊದಲು ಏನೇನು ನೋಡಬೇಕು?

ಸೋಮವಾರಪೇಟೆ_ಕಾಫಿ
ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯ ಹಿರಿಯರೊಬ್ಬರು ತಮ್ಮ 20 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ) ಜೋಡುನಳಿಗೆ ಕೋವಿ ಕೊಡಬೇಕು ಅಂತಿದ್ದಾರೆ. ಬರ್ಮಿಂಗ್‌ಹ್ಯಾಮ್ ಮಾಲು, ಬಾಕ್ಸ್‌ಲಾಕ್, ಅಂದರೆ ಲಾಕು ಒಳಗೇ ಇರುವುದು, ಹೊರಗೆ ಕುದುರೆ (ಹ್ಯಾಮರ್) ಇಲ್ಲ. ಎರಡು ಟ್ರಿಗರ್, 28 ಇಂಚಿನ ನಳಿಗೆ, ಹೊಡೆದ ತೋಟಾವನ್ನು ತಾನಾಗೇ ಹೊರಗೆಸೆಯುವ ಇಜೆಕ್ಟರ್ ಇಲ್ಲ. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕಲ್ಕತ್ತಾದ ಅಂಗಡಿಯ ಹೆಸರಿದೆ. ಮೂರು ವರ್ಷದ ಹಿಂದೆ ಅವರು ಒಂದು ವರ್ಕ್‌ಶಾಪಿಗೆ ಕೊಟ್ಟು ಪೂರ್ತಿ ರೆಡಿ ಮಾಡಿಸಿದ್ದಾರಂತೆ. ನಳಿಗೆ ಕಪ್ಪಗೆ ಮಿರಮಿರ ಮಿಂಚುತ್ತೆ. ಒಳಗೆ ಕನ್ನಡಿ ಥರ ಇದೆ. ಮರಕ್ಕೂ ಹೊಸ ಪಾಲಿಶ್.

ನನ್ನ ಹತ್ತಿರ ಲೈಸೆನ್ಸ್ ಇದೆ, ಮನೆಯಲ್ಲಿ ಒಂದು 12 ಬೋರ್ ಇದೆ. ಭುಜದ ಆಪರೇಷನ್ ಆದ ಮೇಲೆ ಅದರ ಒದೆತ ತಡೆಯೋಕೆ ಆಗುತ್ತಿಲ್ಲ. ಅದಕ್ಕೇ ಹಗುರದ್ದು ಹುಡುಕುತ್ತಿದ್ದೆ. ಕೈಗೆ ತೆಗೆದುಕೊಂಡರೆ ಇಳಿಸೋಕೆ ಮನಸ್ಸಾಗಲ್ಲ, ಅಷ್ಟು ಚೆನ್ನಾಗಿದೆ. ಮುಂಗಡ ಕೊಡೋಕೆ ಮುಂಚೆ ಗೊತ್ತಿರುವವರು ಹೇಳಿ, ಏನು ನೋಡಬೇಕು?

ನಿರ್ವಾಹಕ
ಎರಡು ಮಾತು ಮೊದಲೇ ಹೇಳಿಬಿಡ್ತೀನಿ. ಬೆಲೆ ಚೌಕಾಸಿ ಇಲ್ಲಿ ಬೇಡ. ಶಿಕಾರಿ ಕಥೆಗಳೂ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಗೊತ್ತಿದೆ. ಕೋವಿಯ ನಂಬರ್ ಕಾಣುವ ಫೋಟೋ ಹಾಕಬೇಡಿ. ಉಳಿದಂತೆ ಧಾರಾಳವಾಗಿ ಮಾತಾಡಿ.

ಹಳೆನಳಿಗೆ
ಸೇನೆಯಲ್ಲಿ ಆರ್ಮರರ್ (ಆಯುಧ ರಿಪೇರಿಯವನು) ಆಗಿದ್ದೆ, ನಿವೃತ್ತಿ ಆದ ಮೇಲೂ ಇದೇ ಕೆಲಸದಲ್ಲಿ ಇದ್ದೀನಿ. ನೀವು ಹೇಳಿದ್ದರಲ್ಲಿ ನನಗೆ ಮೊದಲು ಚುಚ್ಚಿದ್ದು "ಒಳಗೆ ಕನ್ನಡಿ ಥರ ಇದೆ" ಅನ್ನೋದು. 80–90 ವರ್ಷ ಕೊಡಗಿನ ಮಳೆ ಕಂಡ ನಳಿಗೆ ಒಳಗೆ ಕನ್ನಡಿ ಥರ ಇರಬೇಕಾದರೆ ಎರಡೇ ದಾರಿ. ಒಂದು, ಮೂರು ತಲೆಮಾರು ಪ್ರತಿ ಸಲವೂ ತೊಳೆದು ಎಣ್ಣೆ ಹಾಕಿರಬೇಕು. ಇಲ್ಲವಾದರೆ ಯಾರೋ ತುಕ್ಕಿನ ಗುಳಿ ಹೋಗುವ ತನಕ ಒಳಗಿನಿಂದ ಲೋಹವನ್ನು ಉಜ್ಜಿ ತೆಗೆದಿರಬೇಕು.

ಗುಳಿ ತೆಗೆಯೋದು ಅಂದರೆ ಗುಳಿಯ ಆಳದಷ್ಟು ಲೋಹವನ್ನು ಸುತ್ತಲೂ ತೆಗೆಯೋದು. ಒಳಗಿನ ವ್ಯಾಸ ದೊಡ್ಡದಾಗುತ್ತೆ, ಗೋಡೆ ತೆಳುವಾಗುತ್ತೆ. ಹೊರಗಡೆಯೂ ಬ್ಲೂಯಿಂಗ್‌ಗೆ (ಉಕ್ಕಿಗೆ ಕಪ್ಪು ಬಣ್ಣ ಹಿಡಿಸೋದಕ್ಕೆ) ಮುಂಚೆ ಎಮರಿ ಹಾಕಿ ಉಜ್ಜಿರ್ತಾರೆ. ಅಂದರೆ ಎರಡೂ ಕಡೆಯಿಂದ ತೆಳು. ಕಣ್ಣಿಗೆ ಇದು ಯಾವುದೂ ಕಾಣಲ್ಲ. ನೋಡೋಕೆ ಮೊದಲಿಗಿಂತ ಚೆನ್ನಾಗಿಯೇ ಇರುತ್ತೆ, ಸಮಸ್ಯೆ ಅದೇ.

ಹಾಗಾಗಿ ಮುಂಗಡ ಬೇಡ. ಮೊದಲು ನಳಿಗೆ ಬಿಚ್ಚಿ, ತಿರುಗಿಸಿ ಹಿಡಿದು, ಚೇಂಬರ್ (ತೋಟಾ ಕೂರುವ ಜಾಗ) ಕೆಳಗಿನ ಚಪ್ಪಟೆ ಜಾಗದಲ್ಲಿ ಯಾವ ಮುದ್ರೆಗಳಿವೆ ಅಂತ ಬರೆದುಕೊಂಡು ಬನ್ನಿ. ಆಮೇಲೆ ಅಳತೆ. ಸೌಂದರ್ಯ ಕೊನೆಗೆ.

ಕೈಲ್‌ಮುಹೂರ್ತ
ಇಷ್ಟೆಲ್ಲ ಬೇಕಾ? ನಮ್ಮ ಐನ್‌ಮನೆಯ (ಕುಟುಂಬದ ಮೂಲಮನೆಯ) ಕೋವಿ ನನ್ನ ಅಜ್ಜನ ಅಜ್ಜನ ಕಾಲದ್ದು. ಹುಟ್ಟಿಗೂ ಹೊಡೆದಿದ್ದೇವೆ, ಸಾವಿಗೂ ಹೊಡೆದಿದ್ದೇವೆ. ಯಾರೂ ಒಂದು ದಿನ ಸ್ಕೇಲ್ ಹಿಡಿದು ಅಳೆದಿಲ್ಲ. ಇಂಗ್ಲಿಷ್ ಕೋವಿ ಅಂದರೆ ಕಬ್ಬಿಣ, ಏನೂ ಆಗಲ್ಲ.

ಹಳೆನಳಿಗೆ
ನಿಮ್ಮ ಐನ್‌ಮನೆ ಕೋವಿಯನ್ನು ಯಾರಾದರೂ ಉಜ್ಜಿ ಬ್ಲೂಯಿಂಗ್ ಮಾಡಿದ್ದಾರಾ? ಇಲ್ಲ ತಾನೇ. ಹಾಗಾದರೆ ಅದು ಹುಟ್ಟಿದಾಗ ಎಷ್ಟು ದಪ್ಪ ಇತ್ತೋ ಹೆಚ್ಚುಕಮ್ಮಿ ಅಷ್ಟೇ ಇದೆ. ನನಗೆ ಅಂಥ ಮಸುಕು ಕೋವಿ ಕೊಟ್ಟರೆ ಭಯ ಇಲ್ಲದೆ ನೋಡ್ತೀನಿ. ಹೊಳೆಯುವುದು ಬಂದಾಗಲೇ ಗೇಜ್ ಹೊರಗೆ ತೆಗೆಯೋದು.

ಬ್ರಮ್_ಕನ್ನಡಿಗ
ನಾನು ಬರ್ಮಿಂಗ್‌ಹ್ಯಾಮ್ ಹತ್ತಿರ ಇದ್ದೀನಿ, ವಾರಾಂತ್ಯಕ್ಕೆ ಕ್ಲೇ ಶೂಟಿಂಗ್ ಹೋಗ್ತೀನಿ. ಇಲ್ಲಿನ ಪ್ರೂಫ್ ಹೌಸ್ ಬ್ಯಾನ್‌ಬರಿ ಸ್ಟ್ರೀಟಿನಲ್ಲಿ ಇವತ್ತಿಗೂ ಕೆಲಸ ಮಾಡುತ್ತಿದೆ. 1813ರ ಕಾಯ್ದೆಯಿಂದ ಹುಟ್ಟಿದ್ದು. ಲಂಡನ್ನಿನದು ಅದಕ್ಕಿಂತ ಹಳೆಯದು. ಮಾರಾಟಕ್ಕೆ ಬರುವ ಪ್ರತಿ ನಳಿಗೆಗೂ ಮಾಮೂಲಿಗಿಂತ ಜಾಸ್ತಿ ಒತ್ತಡದ ಈಡು ಹೊಡೆದು, ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಆ ಮುದ್ರೆಗಳನ್ನು ಓದೋಕೆ ಬಂದರೆ ಕೋವಿಯ ಅರ್ಧ ಜಾತಕ ಸಿಕ್ಕ ಹಾಗೆ.

ನೀವು ಹುಡುಕಬೇಕಾದ್ದು ಇಷ್ಟು:

ಕಿರೀಟದ ಕೆಳಗೆ ಎನ್‌ಪಿ ಅಕ್ಷರ ಇದ್ದರೆ ನೈಟ್ರೋ ಪ್ರೂಫ್, ಅಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದೆ. ಈ ಥರ ಮುದ್ರೆ 1904ರ ನಿಯಮದಿಂದ ಬಂದಿದ್ದು. ಬರೀ ಬಿಪಿ, ಬಿವಿ ಇದ್ದು ಎನ್‌ಪಿ ಇಲ್ಲದಿದ್ದರೆ ಅದು ಕರಿ ಮದ್ದಿಗೆ ಮಾತ್ರ. ಈಗಿನ ತೋಟಾ ಅದಕ್ಕೆ ಬೇಡವೇ ಬೇಡ. 1954ರ ನಂತರದ್ದಾದರೆ ಕಿರೀಟದ ಕೆಳಗೆ ಬಿಎನ್‌ಪಿ, ಜೊತೆಗೆ ಚದರ ಇಂಚಿಗೆ ಇಷ್ಟು ಟನ್ ಅಂತ ಒತ್ತಡ, ಒಳವ್ಯಾಸ ದಶಮಾಂಶದಲ್ಲಿ.

ಚೇಂಬರ್ ಉದ್ದ 2½ ಅಥವಾ 2¾ ಇಂಚು ಅಂತ ಬರೆಯೋಕೆ ಶುರುವಾಗಿದ್ದು 1925ರ ನಿಯಮದಲ್ಲಿ. ವಜ್ರದಾಕಾರದ ಒಳಗೆ 20 ಮತ್ತು ಸಿ ಇದ್ದರೆ ಅದು ಚೇಂಬರಿನ ಅಳತೆ. ಅದನ್ನು ಒಳವ್ಯಾಸ ಅಂದುಕೊಳ್ಳಬೇಡಿ. ಒಳವ್ಯಾಸಕ್ಕೆ ಬೇರೆಯೇ ಒಂದು ಸಂಖ್ಯೆ ಇರುತ್ತೆ, ಉದಾಹರಣೆಗೆ 20. ಕೆಲವು ಬೋರಿನಲ್ಲಿ ಸಂಖ್ಯೆಯ ಕೆಳಗೆ ಗೆರೆ ಎಳೆದು 1 ಇರುತ್ತೆ. ಈ ಚಿಕ್ಕ 1 ಬಹಳ ಮುಖ್ಯ.

ಕಲ್ಕತ್ತಾದ ಹೆಸರಿನ ಬಗ್ಗೆ: ಮ್ಯಾಂಟನ್, ರೊಡ್ಡಾ, ಲಯನ್ ಅಂಡ್ ಲಯನ್ ಇವರೆಲ್ಲ ಮುಖ್ಯವಾಗಿ ಮಾರುವವರು. ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿಸಿ ತಮ್ಮ ಹೆಸರು ಕೆತ್ತಿಸಿ ತರಿಸುತ್ತಿದ್ದರು. ಅದರಿಂದ ಗುಣ ಕಮ್ಮಿ ಆಗಲ್ಲ.

ಟೆಕ್ಸಾಸ್_ಕನ್ನಡ
ಬೋರ್ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಸಾಲು. ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ಬರುತ್ತವೋ ಅದೇ ಬೋರ್. 12 ಬೋರ್ ಅಂದರೆ 0.729 ಇಂಚು, 20 ಅಂದರೆ 0.615, 28 ಅಂದರೆ 0.550. ಪಾಯಿಂಟ್ 410 ಮಾತ್ರ ನೇರವಾಗಿ ಇಂಚಿನ ಅಳತೆ.

ಚಿಕ್ಕ ಬೋರಿನ ಕೋವಿ ಮೃದು ಅಂತ ಎಲ್ಲರೂ ಅಂದುಕೊಳ್ತಾರೆ. ಒದೆತ ಕಮ್ಮಿ, ನಿಜ. ಆದರೆ ಒಳಗಿನ ಒತ್ತಡ ಜಾಸ್ತಿ. ಇಲ್ಲಿ ಅಮೆರಿಕದ ಮಾನದಂಡದಲ್ಲಿ 12 ಬೋರಿಗೆ ಗರಿಷ್ಠ 11,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್), 20ಕ್ಕೆ 12,000, 28ಕ್ಕೆ 12,500. ಪಾಯಿಂಟ್ 410ರ ಮೂರಿಂಚಿನ ತೋಟಾಕ್ಕೆ 13,500. ಹಾಗಾಗಿ ನಳಿಗೆ ತೆಳುವಾಗಿದೆ ಅನ್ನೋದು 20 ಬೋರಿನಲ್ಲಿ ಸಣ್ಣ ಸುದ್ದಿ ಅಲ್ಲ.

ಇಲ್ಲಿ ಇನ್ನೊಂದು ಕಾಟ ಇದೆ. ಚಿಕ್ಕ ಬೋರಿಗೆ ಸಂಗ್ರಹಕಾರರು ಜಾಸ್ತಿ ದುಡ್ಡು ಕೊಡ್ತಾರೆ. ವಿಂಚೆಸ್ಟರ್ ಮಾಡೆಲ್ 42 ಅಂತ ಪಾಯಿಂಟ್ 410ರ ಪಂಪ್ ಗನ್ 1933ರಲ್ಲಿ ಬಂತು, 1963ರಲ್ಲಿ ನಿಂತಿತು. ಮಾಮೂಲಿ ದರ್ಜೆಯದಕ್ಕೆ ಕೆತ್ತನೆ ಮಾಡಿಸಿ, ಒಳ್ಳೆ ಮರ ಹಾಕಿಸಿ, ಮೇಲ್ದರ್ಜೆಯದು ಅಂತ ಮಾರೋದು ಇಲ್ಲಿ ಮಾಮೂಲು. ರಿಪೇರಿ ಅನ್ನೋ ಪದದ ಕೆಳಗೆ ಏನೆಲ್ಲ ಬರುತ್ತೆ ನೋಡಿ.

ಅಡಿಕೆತೋಟ_ತೀರ್ಥಹಳ್ಳಿ
ಮಾರಾಯ್ರೆ, ಎಲ್ಲರೂ ನಳಿಗೆ ನಳಿಗೆ ಅಂತಿದ್ದೀರಿ, ತೋಟಾ ಎಲ್ಲಿಂದ ತರೋದು ಅಂತ ಒಬ್ಬರೂ ಕೇಳಲಿಲ್ಲ. 12 ಬೋರ್ ತೋಟಾ ಯಾವ ಅಂಗಡಿಗೆ ಹೋದರೂ ಸಿಗುತ್ತೆ. ನಮ್ಮ ಕಡೆ 20 ಬೋರ್ ಕೇಳಿದರೆ ಅಂಗಡಿಯವರು ನಕ್ಕುಬಿಡ್ತಾರೆ. 16 ಬೋರಿಗೂ ಇದೇ ಪಾಡು. ಕೋವಿ ಕೊಳ್ಳೋಕೆ ಮುಂಚೆ ನಿಮ್ಮ ಅಂಗಡಿಯವರ ಹತ್ತಿರ ಹೋಗಿ, ವರ್ಷಕ್ಕೆ ಎಷ್ಟು ತರಿಸಿಕೊಡ್ತೀರಿ, ಯಾವ ಉದ್ದದ್ದು ಬರುತ್ತೆ ಅಂತ ಬಾಯಿಬಿಟ್ಟು ಕೇಳಿ.

ಉದ್ದ ಯಾಕೆ ಅಂದರೆ, ಹಳೇ 2½ ಇಂಚಿನ ಚೇಂಬರ್ 65 ಮಿಲಿಮೀಟರ್. ಈಗ ಬರುವುದು ಹೆಚ್ಚಾಗಿ 70. ತೋಟಾದ ಉದ್ದ ಹೇಳೋದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಲೆಕ್ಕ. ಹೊಡೆಯೋಕೆ ಮುಂಚೆ ಅದು ಮಡಿಚಿಕೊಂಡು ಚಿಕ್ಕದಾಗಿರುತ್ತೆ, ಹಾಗಾಗಿ 65ರ ಚೇಂಬರಿಗೆ 70ರದ್ದು ಸಲೀಸಾಗಿ ಕೂರುತ್ತೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಇಲ್ಲದೆ ಚೇಂಬರಿನ ಮುಂದೆ ನಳಿಗೆ ಕಿರಿದಾಗುವ ಕುತ್ತಿಗೆಯಲ್ಲಿ ಸಿಕ್ಕಿ ಒತ್ತಡ ಏರುತ್ತೆ. ಕೂತಿತು ಅಂತ ಸರಿ ಅಂದುಕೊಳ್ಳಬೇಡಿ.

ಇನ್ನೊಂದು ಇದಕ್ಕಿಂತ ದೊಡ್ಡದು. ನಿಮ್ಮ ಮನೆಯಲ್ಲಿ 12 ಬೋರ್ ಇದೆ ಅಂದಿರಿ. 20 ಬೋರಿನ ತೋಟಾವನ್ನು ಮರೆತು 12ರ ನಳಿಗೆಗೆ ಹಾಕಿದರೆ ಅದು ಜಾರಿ ಒಳಗೆ ಹೋಗಿ ಕುತ್ತಿಗೆಯಲ್ಲಿ ನಿಲ್ಲುತ್ತೆ. ಹಿಂದೆ ನೋಡಿದರೆ ಚೇಂಬರ್ ಖಾಲಿ ಇದ್ದ ಹಾಗೆ. ಅದರ ಹಿಂದೆ 12ರದ್ದು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತೆ, ಎಡಗೈ ಅಲ್ಲೇ ಇರುತ್ತೆ. ಇದಕ್ಕೇ ಬಹಳ ಕಂಪನಿಗಳು 20 ಬೋರ್ ತೋಟಾವನ್ನು ಹಳದಿ ಬಣ್ಣದಲ್ಲಿ ಮಾಡೋದು. ಎರಡೂ ಬೋರ್ ಒಂದೇ ಮನೆಯಲ್ಲಿದ್ದರೆ ತೋಟಾಕ್ಕೆ ಬೇರೆ ಬೇರೆ ಬೀರು, ಬೇರೆ ಬೇರೆ ಚೀಲ. ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಸೋಮವಾರಪೇಟೆ_ಕಾಫಿ
ಈ ತೋಟಾ ಜಾರುವ ವಿಷಯ ನನಗೆ ಗೊತ್ತೇ ಇರಲಿಲ್ಲ. ಎದೆ ಧಸಕ್ಕೆಂದಿತು. ಅಂಗಡಿಯವರು ಮುಂಚೆ ಹೇಳಿದರೆ 20 ಬೋರ್ ತರಿಸಿಕೊಡಬಹುದು ಅಂದಿದ್ದಾರೆ, ಆದರೆ ಉದ್ದದ ಬಗ್ಗೆ ಖಚಿತವಾಗಿ ಹೇಳಲಿಲ್ಲ.

ಹಿರಿಯರ ಮನೆಗೆ ಹೋಗಿ ಮುದ್ರೆ ಬರೆದುಕೊಂಡು ಬಂದೆ. ಎರಡೂ ನಳಿಗೆಯಲ್ಲಿ ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ. ವಜ್ರದೊಳಗೆ 20 ಸಿ. 2½ ಇಂಚು. ಎರಡು ನಳಿಗೆಗೂ ಬರೀ 20, ಕೆಳಗೆ 1 ಇಲ್ಲ. ಮುದ್ರೆಗಳು ಸ್ವಲ್ಪ ಮಸುಕಾಗಿವೆ, ಅಂಚು ಕರಗಿದ ಹಾಗೆ. ಭೂತಗನ್ನಡಿ ಹಿಡಿದೇ ಓದಬೇಕಾಯಿತು.

ಬ್ರಮ್_ಕನ್ನಡಿಗ
ಒಳ್ಳೆ ಸುದ್ದಿ, ಜೊತೆಗೆ ಒಂದು ಅನುಮಾನ. ಚೇಂಬರ್ ಉದ್ದ ಬರೆದಿದೆ, ಎನ್‌ಪಿ ಇದೆ, ಟನ್ ಇಲ್ಲ ಅಂದರೆ 1925 ಮತ್ತು 1954ರ ನಡುವಿನ ಪ್ರೂಫ್. ಮಾಮೂಲಿ 65 ಮಿಲಿಮೀಟರ್ ತೋಟಾಕ್ಕೆ ಮಾಡಿದ್ದು.

ಬರೀ 20 ಅಂದರೆ ಪ್ರೂಫ್ ಆದ ದಿನ ಒಳವ್ಯಾಸ 0.615ಕ್ಕಿಂತ ಕಮ್ಮಿ ಇರಲಿಲ್ಲ, 0.626 ಮುಟ್ಟಿರಲಿಲ್ಲ. 0.626 ಆಯಿತು ಅಂದರೆ ಅದು 19 ಬೋರಿನ ಅಳತೆಗೆ ಹೋಯಿತು. ಅಲ್ಲಿಗೆ ಪ್ರೂಫ್ ಮುಗಿಯಿತು. ಇಲ್ಲಿ ಬ್ರಿಟನ್ನಿನಲ್ಲಿ ಮತ್ತೆ ಪ್ರೂಫ್ ಮಾಡಿಸದೆ ಅಂಥ ಕೋವಿ ಮಾರುವುದು ಅಪರಾಧ. ಅಳೆಯೋದು ಹಿಂಬದಿಯಿಂದ 9 ಇಂಚು ಮುಂದೆ. ಬಾಯಿಯ ಹತ್ತಿರ ವರ್ನಿಯರ್ ಹಿಡಿದರೆ ಚೋಕ್‌ನ (ಬಾಯಿಯ ಹತ್ತಿರ ನಳಿಗೆ ಕಿರಿದಾಗುವ ಭಾಗದ) ಅಳತೆ ಬರುತ್ತೆ ಅಷ್ಟೇ.

ಅನುಮಾನ ಏನು ಅಂದರೆ, ಮುದ್ರೆ ಯಾಕೆ ಮಸುಕು? ಚಪ್ಪಟೆ ಜಾಗ ಕೋವಿ ಮುಚ್ಚಿದಾಗ ಒಳಗಿರುತ್ತೆ. ಅಲ್ಲಿ ಕೈ ತಾಗಲ್ಲ, ಸವೆಯಲ್ಲ. ಅಲ್ಲೂ ಬಫ್ (ಪಾಲಿಶ್ ಚಕ್ರ) ಓಡಿಸಿದ್ದಾರೆ ಅಂದರೆ ಬೇರೆ ಕಡೆ ಎಷ್ಟು ಓಡಿಸಿರಬಹುದು.

ಹಳೆನಳಿಗೆ
ಅದನ್ನೇ ಹೇಳೋಣ ಅಂದುಕೊಂಡಿದ್ದೆ. ಬಫ್ ಮಾಡಿದ ಕೋವಿಯನ್ನು ಕೈಬೆರಳಲ್ಲೇ ಗುರುತು ಹಿಡಿಯಬಹುದು. ಆಕ್ಷನ್ನಿನ (ನಳಿಗೆಯ ಹಿಂದಿನ, ಲಾಕು ಕೂತಿರುವ ಲೋಹದ ಭಾಗದ) ಅಂಚುಗಳು ಚೂಪಾಗಿರಬೇಕು, ಉರುಟಾಗಿರಬಾರದು. ಸ್ಕ್ರೂ ಕೂತ ಜಾಗದ ಸುತ್ತ ಸಣ್ಣ ತಗ್ಗು ಬಿದ್ದಿದ್ದರೆ ಬಫ್ ಚಕ್ರದ ಕೆಲಸ. ಕೆತ್ತನೆಯ ಸಣ್ಣ ಗೆರೆಗಳು ಮಾಯವಾಗಿ ದೊಡ್ಡವು ಮಾತ್ರ ಉಳಿದಿರುತ್ತವೆ. ಸ್ಕ್ರೂ ತಲೆಯ ಸೀಳು ನೋಡಿ. ಹರಿದುಹೋಗಿದ್ದರೆ ಅಳತೆಗೆ ಸರಿಯಾದ ಸ್ಕ್ರೂಡ್ರೈವರ್ ಇಲ್ಲದವನು ಕೈ ಹಾಕಿದ್ದಾನೆ. ಅಂಥವನು ಒಳಗೆ ಇನ್ನೇನು ಮಾಡಿರಬಹುದು ಅಂತ ನೀವೇ ಊಹಿಸಿ.

ಈಗ ಬ್ಲೂಯಿಂಗ್. ಮಿರಮಿರ ಮಿಂಚುತ್ತೆ ಅಂದಿರಿ. ಜೋಡುನಳಿಗೆಗೆ ಹಳೇ ಪದ್ಧತಿ ನಿಧಾನದ್ದು: ಹದವಾಗಿ ತುಕ್ಕು ಹಿಡಿಸಿ, ನೀರಲ್ಲಿ ಕುದಿಸಿ, ಉಕ್ಕಿನ ಬ್ರಷ್ಷಿನಲ್ಲಿ ಉಜ್ಜಿ, ಮತ್ತೆ ಮತ್ತೆ ಇದೇ. ದಿನಗಟ್ಟಲೆ ಕೆಲಸ. ಬಣ್ಣ ಮಂದವಾಗಿ, ಆಳವಾಗಿ ಬರುತ್ತೆ. ಇನ್ನೊಂದು ಬಿಸಿ ಬ್ಲೂಯಿಂಗ್. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪಿನ ದ್ರಾವಣವನ್ನು 140 ಡಿಗ್ರಿ ಆಸುಪಾಸು ಕುದಿಸಿ ಅದರಲ್ಲಿ ಮುಳುಗಿಸೋದು. ಅರ್ಧ ಗಂಟೆಯಲ್ಲಿ ಮುಗಿಯುತ್ತೆ, ಕಪ್ಪು ಬಣ್ಣ ಮಿಂಚುತ್ತೆ. ಒಂಟಿನಳಿಗೆಗೆ, ರೈಫಲ್ಲಿಗೆ ಅಡ್ಡಿಯಿಲ್ಲ. ಆದರೆ ಜೋಡುನಳಿಗೆಯ ಮೇಲಿನ ಪಟ್ಟಿ, ಕೆಳಗಿನ ಪಟ್ಟಿ ಎರಡನ್ನೂ ಹಿಡಿದಿರೋದು ತವರ ಸೀಸದ ಬೆಸುಗೆ. ಆ ಬಿಸಿಗೆ ಬೆಸುಗೆ ಕರಗಲ್ಲ. ಆದರೆ ಕಾಸ್ಟಿಕ್ ಅದನ್ನು ತಿನ್ನುತ್ತೆ. ಪಟ್ಟಿಯ ಕೆಳಗಿನ ಪೊಳ್ಳಿಗೆ ನುಗ್ಗಿದ ಉಪ್ಪು ತೊಳೆದರೂ ಪೂರ್ತಿ ಹೋಗಲ್ಲ. ಒಳಗಿನಿಂದ ತುಕ್ಕು ಹಿಡಿಯುತ್ತಾ ಹೋಗುತ್ತೆ, ವರ್ಷಗಟ್ಟಲೆ ಹೊರಗೆ ಗೊತ್ತಾಗಲ್ಲ. ಪಟ್ಟಿ ಸೇರುವ ಗೆರೆಯಲ್ಲಿ ಬಿಳಿ ಪುಡಿ ಇಣುಕುತ್ತಿದ್ದರೆ ಅಲ್ಲಿಗೆ ಮುಗೀತು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಹೇಳ್ತೀನಿ. ಖಾಲಿ ಕೋವಿ, ತೋಟಾ ಬೇರೆ ಕೋಣೆಯಲ್ಲಿರಲಿ.

ನಳಿಗೆ ಬಿಚ್ಚಿ ಕೆಳಗಿನ ಕೊಕ್ಕೆಗೆ ದಾರ ಕಟ್ಟಿ ತೂಗುಹಾಕಿ. ಮರದ ಪೆನ್ಸಿಲ್ಲಿನಿಂದ ತಟ್ಟಿ. ದೇವಸ್ಥಾನದ ಸಣ್ಣ ಗಂಟೆಯಂತೆ ನಾದ ಉಳಿಯಬೇಕು. ಜರ್ ಅಂತ ಒಡಕು ದನಿ ಬಂದರೆ ಪಟ್ಟಿ ಎಲ್ಲೋ ಬಿಟ್ಟಿದೆ.

ಮುಂದಿನ ಮರ ಕಳಚಿ, ನಳಿಗೆ ಜೋಡಿಸಿ ಮುಚ್ಚಿ. ಸ್ಟಾಕಿನ ಕತ್ತು ಹಿಡಿದು ಪಕ್ಕಕ್ಕೆ, ಮೇಲಕ್ಕೆ ಕೆಳಕ್ಕೆ ಅಲುಗಾಡಿಸಿ. ಏನಾದರೂ ಟಕ್ ಅಂದರೆ ಕೀಲು ಸವೆದಿದೆ. ನಳಿಗೆಯ ಹಿಂಬದಿ ಮತ್ತು ಆಕ್ಷನ್ನಿನ ಮುಖದ ನಡುವೆ ತೆಳು ಕಾಗದದ ಚೂರು ಇಟ್ಟು ಮುಚ್ಚಿ. ಎಳೆದರೆ ಹರಿಯಬೇಕು, ಜಾರಿ ಬರಬಾರದು. ಬಂದರೆ ರಿಪೇರಿ ಸಾಧ್ಯ, ಹೊಸ ಕೀಲು ಪಿನ್ ಹಾಕಿಸಬಹುದು. ಆದರೆ ಕೊಕ್ಕೆಯ ಮೇಲೆ ಪಂಚ್ ಗುರುತು, ಸುತ್ತಿಗೆ ಏಟು, ಹಿತ್ತಾಳೆ ತಗಡಿನ ಚೂರು ಕಂಡರೆ ಯಾರೋ ಮಾರೋ ದಿನದ ಮಟ್ಟಿಗೆ ಬಿಗಿ ಮಾಡಿಕೊಟ್ಟಿದ್ದಾರೆ. ಸ್ವಲ್ಪ ಈಡು ಹೊಡೆಯುವಷ್ಟರಲ್ಲಿ ಮತ್ತೆ ಸಡಿಲ.

ಡಮ್ಮಿ ತೋಟಾ ಹಾಕಿ ಟ್ರಿಗರ್ ನೋಡಿ. ಸೇಫ್ಟಿ ಹಾಕಿ ಎರಡೂ ಟ್ರಿಗರ್ ಒತ್ತಿ, ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ. ತೆಗೆದಾಗ ಕುದುರೆ ತಾನಾಗೇ ಬೀಳಬಾರದು. ಒಂದು ಟ್ರಿಗರ್ ಒತ್ತಿದಾಗ ಇನ್ನೊಂದು ಬೀಳಬಾರದು. ಕುದುರೆ ಏರಿಸಿ ಇಟ್ಟು, ಕೋವಿಯ ಹಿಂಬದಿಯನ್ನು ದಪ್ಪ ರಬ್ಬರ್ ಮ್ಯಾಟ್ ಮೇಲೆ ಮೆಲ್ಲಗೆ ಕುಟ್ಟಿ, ಬೀಳಬಾರದು. ಟ್ರಿಗರಿಗೆ ತೂಕದ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ ಒಂದೂವರೆಯಿಂದ ಎರಡು ಕಿಲೋ ಒಳಗೆ ಬರಬೇಕು. ಒಂದು ಕಿಲೋಗೇ ಬಿದ್ದರೆ ಯಾರೋ ಸಿಯರ್ (ಏರಿಸಿದ ಕುದುರೆಯನ್ನು ಹಿಡಿದಿಡುವ ಕೊಂಡಿ) ಉಜ್ಜಿದ್ದಾರೆ.

ನಳಿಗೆಯನ್ನು ಟ್ಯೂಬ್‌ಲೈಟಿನ ಕಡೆ ಹಿಡಿದು ಒಳಗೆ ನೋಡಿ. ಬೆಳಕಿನ ಗೆರೆ ನೇರ ಹೋಗಬೇಕು. ನಡುವೆ ಉಂಗುರದ ಹಾಗೆ ನೆರಳು ಸುತ್ತಿಕೊಂಡಿದ್ದರೆ ಅಲ್ಲಿ ನಳಿಗೆ ಉಬ್ಬಿದೆ. ಹೊರಗಡೆಯೂ ಎರಡು ಬೆರಳ ನಡುವೆ ಹಿಡಿದು ಉದ್ದಕ್ಕೂ ಸವರಿ. ಕಣ್ಣಿಗಿಂತ ಬೆರಳು ಚುರುಕು. ಬಾಯಿಯಲ್ಲಿ ಎರಡು ನಳಿಗೆ ಒಂದಕ್ಕೊಂದು ತಾಗಿಕೊಂಡಿರಬೇಕು. ನಡುವೆ ಸಂದು ಬಿಟ್ಟು ಬೆಸುಗೆ ತುಂಬಿದ್ದರೆ ಮುಂದಿನಿಂದ ಕತ್ತರಿಸಿದ್ದಾರೆ. ಚೋಕ್ ಅದರ ಜೊತೆಗೇ ಹೋಗಿರುತ್ತೆ.

ಮರದ ವಿಷಯ ಕಮ್ಮಿ ಹೇಳ್ತೀನಿ, ಅದನ್ನು ಬದಲಾಯಿಸಬಹುದು. ಲೋಹ ಮರಕ್ಕಿಂತ ಎತ್ತರ ನಿಂತಿದ್ದರೆ ಮರ ಜಾಸ್ತಿ ಉಜ್ಜಿದ್ದಾರೆ. ಆಕ್ಷನ್ ಹಿಂದೆ ಮರ ಎಣ್ಣೆ ಕುಡಿದು ಕಪ್ಪಾಗಿ ಮೆತ್ತಗಾಗಿದೆಯಾ, ಆಕ್ಷನ್ನಿನ ಮೇಲಿನ ಲೋಹದ ಬಾಲದ ಹಿಂದೆ ಕೂದಲೆಳೆ ಬಿರುಕು ಇದೆಯಾ ನೋಡಿ. ಆಕ್ರೋಟ್ ಬದಲು ಬೀಟೆ ಮರ ಹಾಕಿದ್ದರೆ ತೂಕ ಏರಿರುತ್ತೆ. ಈ ಗಾತ್ರದ 20 ಬೋರ್ ಎರಡೂವರೆ, ಎರಡೂ ಮುಕ್ಕಾಲು ಕಿಲೋ ತೂಗಬೇಕು.

ಕೈಲ್‌ಮುಹೂರ್ತ
ಮದುವೆಗೆ ಹೆಣ್ಣು ನೋಡೋಕೂ ಇಷ್ಟು ನೋಡಲ್ಲ ಸಾರ್ 😄 ಆದರೆ ಕಾಗದದ ಪರೀಕ್ಷೆ ನಮ್ಮ ಕೋವಿಗೆ ಮಾಡಿ ನೋಡಿದೆ. ಹರಿಯಿತು. ಅಜ್ಜನ ಅಜ್ಜನಿಗೆ ಜೈ.

ಕರಿಕೋಟು
ಮಡಿಕೇರಿಯಲ್ಲಿ ವಕೀಲ. ಕಾಗದದ ಕಡೆಯದು ಸ್ವಲ್ಪ ಹೇಳ್ತೀನಿ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ವ್ಯಕ್ತಿಗೆ, ಕೋವಿಗಲ್ಲ. ಮಾರುವವರು ವಿನಾಯಿತಿಯಲ್ಲಿ ಇಟ್ಟುಕೊಂಡಿದ್ದರೂ ನೀವು ಲೈಸೆನ್ಸಿನವರು, ನಿಮ್ಮ ಲೈಸೆನ್ಸಿನಲ್ಲಿ ಎರಡನೇ ಆಯುಧಕ್ಕೆ ಮೊದಲು ಅನುಮತಿ ಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ. ಅಂದರೆ ಇದು ತೆಗೆದುಕೊಂಡರೆ ನಿಮ್ಮ ಲೆಕ್ಕ ಭರ್ತಿ.

ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಯಾರಿಗೆ ಕೊಡುತ್ತಿದ್ದೇನೆ ಅಂತ ಲಿಖಿತವಾಗಿ ತಿಳಿಸಬೇಕು. ಆಮೇಲೆ 45 ದಿನ ಕಳೆಯಬೇಕು. ಅಲ್ಲಿಯವರೆಗೆ ಕೋವಿ ಕೈ ಬದಲಾಗುವ ಹಾಗಿಲ್ಲ. ತಪಾಸಣೆ ಬೇಕಿದ್ದರೆ ಮಾರುವವರೇ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ತೆಗೆದುಕೊಂಡು ಬರಲಿ, ನೀವು ಜೊತೆಗೆ ಹೋಗಿ. ಒಂದು ದಿನಕ್ಕೆ ಮನೆಗೆ ಒಯ್ದು ನೋಡ್ತೀನಿ ಅನ್ನೋ ಆಸೆ ಬೇಡ.

ನಂಬರ್ ಲೈಸೆನ್ಸಿನಲ್ಲೋ ವಿನಾಯಿತಿ ಪತ್ರದಲ್ಲೋ ಇರುವುದಕ್ಕೂ ಕೋವಿಯ ಮೇಲಿರುವುದಕ್ಕೂ ತಾಳೆ ನೋಡಿ. ನಳಿಗೆ, ಆಕ್ಷನ್, ಮುಂದಿನ ಮರದ ಕಬ್ಬಿಣ ಮೂರರಲ್ಲೂ ಒಂದೇ ಇರಬೇಕು. ಬಫ್ ಮಾಡಿ ನಂಬರ್ ಅಳಿಸಿಹೋಗಿದ್ದರೆ ಅದು ಸೌಂದರ್ಯದ ಪ್ರಶ್ನೆ ಅಲ್ಲ, ನೇರವಾಗಿ ಪೊಲೀಸ್ ಪ್ರಶ್ನೆ.

ಸೋಮವಾರಪೇಟೆ_ಕಾಫಿ
ಬಹಳ ಉಪಕಾರ. ನಂಬರ್ ಮೂರು ಕಡೆಯೂ ಒಂದೇ ಇದೆ, ಪತ್ರಕ್ಕೂ ತಾಳೆ ಆಗುತ್ತೆ. ಹಿರಿಯರಿಗೆ ಅಳತೆ ಮಾಡಿಸೋಣ ಅಂದೆ. ಮೊದಲು ಸ್ವಲ್ಪ ಬೇಜಾರು ಮಾಡಿಕೊಂಡರು. "ನನ್ನ ಮೇಲೆ ನಂಬಿಕೆ ಇಲ್ವಾ" ಅಂದರು. ನಿಮ್ಮ ಮೇಲೆ ಇದೆ, ರಿಪೇರಿ ಮಾಡಿದವನ ಮೇಲೆ ಇಲ್ಲ ಅಂದೆ. ನಕ್ಕು ಒಪ್ಪಿದರು.

ಟೆಕ್ಸಾಸ್_ಕನ್ನಡ
ಅಳತೆಗೆ ಹೋಗುವಾಗ ಒಳವ್ಯಾಸದ ಗೇಜ್ ಮಾತ್ರ ಸಾಲದು. ಗೋಡೆಯ ದಪ್ಪ ಅಳೆಯುವ ಗೇಜ್ ಬೇರೆ ಇರುತ್ತೆ. ಉದ್ದ ಕಡ್ಡಿಯನ್ನು ಒಳಗೆ ಬಿಟ್ಟು ಹೊರಗೆ ಡಯಲ್ ಓದೋದು. ಒಂದು ಜಾಗದಲ್ಲಿ ಅಳೆದು ಬಿಡಬೇಡಿ, ಸುತ್ತಲೂ ತಿರುಗಿಸಿ, ಉದ್ದಕ್ಕೂ ಸರಿಸಿ ಅತಿ ಕಮ್ಮಿ ಎಲ್ಲಿ ಅಂತ ಹುಡುಕಲಿ. ಒಂದು ಕಡೆ ದಪ್ಪ, ಎದುರು ಕಡೆ ತೆಳು ಇರೋದು ಹಳೇ ನಳಿಗೆಗಳಲ್ಲಿ ಮಾಮೂಲು.

ಬ್ರಮ್_ಕನ್ನಡಿಗ
ಇಲ್ಲಿನ ವ್ಯಾಪಾರಿಗಳ ರೂಢಿಯ ಲೆಕ್ಕ: ಅತಿ ತೆಳು ಜಾಗದಲ್ಲಿ 20 ಥೌ, ಅಂದರೆ ಇಂಚಿನ ಸಾವಿರದಲ್ಲಿ 20 ಭಾಗ, ನಮ್ಮ ಅರ್ಧ ಮಿಲಿಮೀಟರ್. ಅದಕ್ಕಿಂತ ಕೆಳಗೆ ಹೋದರೆ ತಿಳಿದವರು ಮುಟ್ಟಲ್ಲ. ಇದು ಕಾನೂನು ಅಲ್ಲ, ರೂಢಿ. ತೆಳು ಜಾಗ ಎಲ್ಲಿದೆ ಅನ್ನೋದೂ ಮುಖ್ಯ. ಬಾಯಿಯ ಹತ್ತಿರ ತೆಳುವಾಗಿದ್ದರೆ ಒಂದು ಮಾತು, ಮುಂದಿನ ಕೈ ಹಿಡಿಯುವ ಜಾಗದಲ್ಲಾದರೆ ಬೇರೆಯೇ ಮಾತು. ಒತ್ತಡ ಹಿಂಬದಿಯಲ್ಲೇ ಜಾಸ್ತಿ.

ಚೇಂಬರನ್ನೂ ಅಳೆಸಿ. ಹೊಸ ತೋಟಾ ಹಿಡಿಯಲಿ ಅಂತ 2½ ಇಂಚಿನದನ್ನು 2¾ಗೆ ಕೊರೆದಿರುವ ಕೋವಿಗಳು ಬೇಕಾದಷ್ಟಿವೆ. ಕೊರೆದ ಮೇಲೆ ಮತ್ತೆ ಪ್ರೂಫ್ ಆಗದಿದ್ದರೆ ಮುದ್ರೆ ಹೇಳೋದು ಒಂದು, ಕೋವಿ ಇರೋದು ಇನ್ನೊಂದು.

ಸೋಮವಾರಪೇಟೆ_ಕಾಫಿ
ಅಳತೆ ಆಯಿತು. ಹಿರಿಯರೂ ಜೊತೆಗಿದ್ದರು. ಗನ್‌ಸ್ಮಿತ್ ಬರೆದುಕೊಟ್ಟಿದ್ದನ್ನು ಹಾಗೇ ಹಾಕ್ತಿದ್ದೀನಿ.

ಚೇಂಬರ್ ಎರಡೂ 65 ಮಿಲಿಮೀಟರ್, ಕೊರೆದಿಲ್ಲ. ಕೀಲು ಬಿಗಿ, ಕಾಗದ ಹರಿಯಿತು. ಟ್ರಿಗರ್ ಸರಿ. ಮರದಲ್ಲಿ ಬಿರುಕಿಲ್ಲ. ಉಬ್ಬು ಇಲ್ಲ. ಬಾಯಿ ಕತ್ತರಿಸಿಲ್ಲ.

ಬಲ ನಳಿಗೆ, ಹಿಂಬದಿಯಿಂದ 9 ಇಂಚಿನಲ್ಲಿ 0.617. ಅತಿ ತೆಳು ಜಾಗ 27 ಥೌ.
ಎಡ ನಳಿಗೆ, ಅದೇ ಜಾಗದಲ್ಲಿ 0.629. ಅತಿ ತೆಳು ಜಾಗ 18 ಥೌ, ಹಿಂಬದಿಯಿಂದ ಸುಮಾರು 10 ಇಂಚಿನಲ್ಲಿ, ಎಡ ಪಕ್ಕದಲ್ಲಿ.

ತೂಗುಹಾಕಿ ತಟ್ಟಿದಾಗ ನಾದ ಬಂತು, ಆದರೆ ಕೊನೆಗೆ ಸ್ವಲ್ಪ ಜರ್ ಅಂದಿತು. ಕೆಳಗಿನ ಪಟ್ಟಿಯ ಸಂದಿನಲ್ಲಿ ಭೂತಗನ್ನಡಿ ಹಿಡಿದರೆ ಒಂದು ಬೆರಳಗಲ ಬಿಳಿ ಗೆರೆ.

ಹಳೆನಳಿಗೆ
ಕಥೆ ಸ್ಪಷ್ಟ ಇದೆ. ಬಲ ನಳಿಗೆ ಹುಟ್ಟಿದ ಹಾಗೇ ಇದೆ. ಎಡದಲ್ಲಿ ಗುಳಿ ಬಿದ್ದಿತ್ತು, ಕನ್ನಡಿ ಮಾಡೋಕೆ ಹೋಗಿ ಒಳಗಿಂದ ಉಜ್ಜಿದ್ದಾರೆ. 0.626ರ ಗಡಿ ದಾಟಿದೆ. 18 ಥೌ ಇರುವ ಜಾಗ ಎಡಗೈ ಹಿಡಿಯುವ ಜಾಗಕ್ಕೆ ಒಂದು ಗೇಣೂ ದೂರ ಇಲ್ಲ. ಬಿಳಿ ಗೆರೆ ಬಿಸಿ ಬ್ಲೂಯಿಂಗಿನದು. ನನ್ನ ಅಭಿಪ್ರಾಯ ಕೇಳಿದರೆ, ಬೇಡ.

ಬೇಜಾರಿನ ವಿಷಯ ಏನು ಅಂದರೆ, ಆ ಗುಳಿಗಳನ್ನು ಹಾಗೇ ಬಿಟ್ಟಿದ್ದರೆ ಬಹುಶಃ ಕೋವಿ ಇನ್ನೂ ಗಡಿಯೊಳಗೇ ಇರುತ್ತಿತ್ತು. ಕೀಲು, ಲಾಕು ಎಲ್ಲ ಎಷ್ಟು ಚೆನ್ನಾಗಿ ಉಳಿದಿದೆ ನೋಡಿ.

ಅಡಿಕೆತೋಟ_ತೀರ್ಥಹಳ್ಳಿ
ಬಲ ನಳಿಗೆ ಸರಿ ಇದೆಯಲ್ಲ. ದುಡ್ಡು ಕಮ್ಮಿ ಮಾಡಿಸಿಕೊಂಡು ಒಂಟಿನಳಿಗೆ ಅಂದುಕೊಂಡು ಇಟ್ಟುಕೊಳ್ಳಬಹುದಲ್ವಾ? ಎಡಕ್ಕೆ ತೋಟಾ ಹಾಕದಿದ್ದರೆ ಆಯಿತು. 1980ರ ದಶಕದಲ್ಲಿ ಆಮದಿಗೆ ಕಡಿವಾಣ ಬಿದ್ದ ಮೇಲೆ ಇಂಥ ಮಾಲು ಹೊಸದಾಗಿ ಬರೋದೇ ಇಲ್ಲ.

ಹಳೆನಳಿಗೆ
ನೀವು ಹಾಕಲ್ಲ. ಸರಿ. ನಿಮ್ಮ ಮಗ? ನಿಮ್ಮ ನಂತರ ಕೊಳ್ಳುವವರು? ಕೋವಿಯ ಮೇಲೆ ಎಲ್ಲೂ ಬರೆದಿರಲ್ಲ. ಪಟ್ಟಿ ಬಿಡೋಕೆ ಶುರುವಾಗಿದೆ, ಅದು ಎರಡು ನಳಿಗೆಗೂ ಸೇರಿದ್ದು. ಜೊತೆಗೆ ಇವರ ಲೈಸೆನ್ಸಿನಲ್ಲಿ ಉಳಿದಿರೋದೇ ಒಂದು ಜಾಗ. ಅದನ್ನು ಅರ್ಧ ಕೋವಿಗೆ ಕೊಡೋದಾ?

ಕೈಲ್‌ಮುಹೂರ್ತ
ಈ ಸಲ ನಾನೂ ಅವರ ಪಕ್ಷ. ಎಡಗೈ ಮುಖ್ಯ.

ಬ್ರಮ್_ಕನ್ನಡಿಗ
ಇಲ್ಲಿ ಆಗಿದ್ದರೆ ದಾರಿ ಇತ್ತು. ಹಳೇ ನಳಿಗೆಯನ್ನು ಹಿಂಬದಿ ಉಳಿಸಿಕೊಂಡು ಕತ್ತರಿಸಿ ಹೊಸ ಕೊಳವೆ ಕೂರಿಸ್ತಾರೆ, ಸ್ಲೀವಿಂಗ್ ಅಂತಾರೆ. ಮತ್ತೆ ಪ್ರೂಫ್ ಆಗಿ ಅದರ ಮೇಲೆ ಹಾಗಂತ ಮುದ್ರೆ ಬೀಳುತ್ತೆ. ದುಬಾರಿ, ಆದರೆ ಆಕ್ಷನ್ ಉಳಿಯುತ್ತೆ. ಅಲ್ಲಿಂದ ಇಲ್ಲಿಗೆ ಕಳಿಸಿ ವಾಪಸ್ ತರಿಸೋದು ಎರಡು ದೇಶದ ಕಾಗದದ ಕೆಲಸ, ನಾನಂತೂ ಹೋಗಿ ಅನ್ನಲ್ಲ.

ಸೋಮವಾರಪೇಟೆ_ಕಾಫಿ
ತೆಗೆದುಕೊಳ್ಳುತ್ತಿಲ್ಲ. ಹಿರಿಯರೇ ಮೊದಲು ಹೇಳಿದರು, "ಇದನ್ನು ನಿನಗೆ ಕೊಟ್ಟು ನಾನು ನಿದ್ದೆ ಮಾಡೋದು ಹೇಗೆ" ಅಂತ. ರಿಪೇರಿಗೆ ಕೊಡುವಾಗ ಅವರಿಗೆ ಯಾರೂ ಅಳತೆಯ ಮಾತು ಎತ್ತಿರಲಿಲ್ಲ, ಬಿಲ್ಲಿನಲ್ಲಿ "ಪಾಲಿಶ್" ಅಂತ ಒಂದೇ ಪದ. ಅವರ ಇಬ್ಬರು ದಾಯಾದಿಗಳ ಕೋವಿಗಳೂ ಅದೇ ವರ್ಕ್‌ಶಾಪಿಗೆ ಹೋಗಿ ಬಂದಿವೆಯಂತೆ, ಎರಡೂ 12 ಬೋರ್, ಎರಡೂ ಈಗ ಮಿಂಚುತ್ತವೆ. ಅವನ್ನೂ ಗೇಜಿಗೆ ಕೊಡಬೇಕು ಅಂತಿದ್ದಾರೆ. @ಹಳೆನಳಿಗೆ, 12ಕ್ಕೆ ಗಡಿ ಎಷ್ಟು?

ಹಳೆನಳಿಗೆ
ಮುದ್ರೆ 12 ಅಂತಿದ್ದರೆ 0.729ರಿಂದ ಶುರು, 0.740 ಮುಟ್ಟಿದರೆ ಪ್ರೂಫ್ ಹೋಯಿತು. 12ರ ಕೆಳಗೆ 1 ಇದ್ದರೆ ಅದು 0.740ರಿಂದಲೇ ಶುರು, ಹಾಗಾಗಿ ಮೊದಲು ಮುದ್ರೆ ಓದಿ, ಆಮೇಲೆ ಅಳತೆ. 1954ರ ನಂತರದ್ದಾದರೆ ಬರೆದಿರುವ ದಶಮಾಂಶಕ್ಕಿಂತ 10 ಥೌ ಜಾಸ್ತಿ ಆಗಿದ್ದರೆ ಮುಗಿಯಿತು.

ಕೈಲ್ ಮುಹೂರ್ತಕ್ಕೆ (ಕೊಡವರ ಆಯುಧ ಪೂಜೆಯ ಹಬ್ಬ) ಮುಂಚೆಯೇ ಮಾಡಿಸಲಿ. ಹಬ್ಬದ ದಿನ ಎಲ್ಲ ಕೋವಿಯೂ ಹೊರಗೆ ಬರುತ್ತೆ, ಪೂಜೆ ಆಗುತ್ತೆ, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸ್ತಾರೆ, ಸಂಜೆ ತೆಂಗಿನಕಾಯಿಗೆ ಈಡು ಶುರುವಾಗುತ್ತೆ. ಅಷ್ಟರಲ್ಲಿ ಯಾವುದನ್ನು ಪೂಜೆಗೆ ಮಾತ್ರ ಇಡಬೇಕು ಅಂತ ಗೊತ್ತಿರಬೇಕು. ಆಗಸ್ಟ್ ಕೊನೆಯ ವಾರ ಗನ್‌ಸ್ಮಿತ್ ಹತ್ತಿರ ಕಾಲಿಡೋಕೆ ಜಾಗ ಇರಲ್ಲ, ಈಗಲೇ ಫೋನ್ ಮಾಡಿಸಿ. ಹೋಗುವಾಗ ವಿನಾಯಿತಿ ಪತ್ರ ಮರೆಯಬೇಡಿ ಅನ್ನಿ.